ಬೇಸಿಗೆ ಬಟ್ಟೆ: ಬಣ್ಣ ನೋಡುವ ಮೊದಲು ಊದಿ ನೋಡಿ

ಬೇಸಿಗೆ ಬಟ್ಟೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ಕಾಟನ್ ಹಾಕಿ, ತಿಳಿ ಬಣ್ಣ ಹಾಕಿ. ಮಾತೇನೋ ಸರಿ. ಆದರೆ ಅಷ್ಟನ್ನೇ ನಂಬಿಕೊಂಡು ಅಂಗಡಿಗೆ ಹೋದರೆ ಬೆವರಿಳಿಸುವ ಬಟ್ಟೆಯೇ ಮನೆಗೆ ಬಂದೀತು. ಜೀನ್ಸ್ ಕೂಡ ಕಾಟನ್ನೇ ಅಲ್ವಾ? ಒಳಗೆ ಪಾಲಿಯೆಸ್ಟರ್ ಲೈನಿಂಗ್ ಹಾಕಿ ಹೊಲಿದ ತಿಳಿ ನೀಲಿ ಫ್ರಾಕಿನ ಚೀಟಿಯ ಮೇಲೂ ದೊಡ್ಡ ಅಕ್ಷರದಲ್ಲಿ ಕಾಟನ್ ಅಂತಲೇ ಇರುತ್ತದೆ.

ನಾನು ಬಟ್ಟೆ ನೋಡುವ ಕ್ರಮ ಸ್ವಲ್ಪ ಬೇರೆ. ಮೊದಲು ನೇಯ್ಗೆ, ಆಮೇಲೆ ನೂಲು, ಆಮೇಲೆ ಹೊಲಿಗೆ ಮತ್ತು ಅಳತೆ, ಕೊನೆಗೆ ಬಣ್ಣ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಬಣ್ಣ ಕಣ್ಣಿಗೆ ಮೊದಲು ಬೀಳುತ್ತದೆ, ಅದಕ್ಕೇ ಇರಬೇಕು.

ನಿಮ್ಮದು ಒಣ ಬಿಸಿಲೋ, ಬೆವರಿನ ಸೆಕೆಯೋ?

ಬಟ್ಟೆ ಕೊಳ್ಳುವ ಮೊದಲೇ ಈ ಪ್ರಶ್ನೆಗೆ ಉತ್ತರ ಗೊತ್ತಿರಲಿ. ಯಾಕೆಂದರೆ ಮೈ ತಣ್ಣಗಾಗುವುದು ಬೆವರು ಒಣಗಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಅದೇ ಬೆವರು ಹನಿ ಹನಿಯಾಗಿ ನೆಲಕ್ಕೆ ಬಿದ್ದರೆ ಆ ಲಾಭ ಹೋದಂತೆಯೇ. ಬೆವರು ಬಂದರೆ ಸಾಲದು, ಅದು ಮೈಮೇಲೆಯೇ ಆರಬೇಕು. ಆರಬೇಕಾದರೆ ಗಾಳಿ ಆಡಬೇಕು. ಬೇಸಿಗೆ ಬಟ್ಟೆಯ ವಿಚಾರ ಪೂರ್ತಿ ನಿಂತಿರುವುದು ಇದರ ಮೇಲೆ.

ಒಣ ಹವೆಯಲ್ಲಿ ಬೆವರು ತಾನಾಗಿ ಬೇಗ ಆರುತ್ತದೆ. ಅಲ್ಲಿ ಕಾಟ ಕೊಡುವುದು ಸುಡುವ ಬಿಸಿಲು ಮತ್ತು ಬಿಸಿಗಾಳಿ. ನಮ್ಮ ಚರ್ಮದ ಉಷ್ಣತೆ ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಗಾಳಿಯೇ ಮೈಗೆ ಶಾಖ ತುಂಬುತ್ತದೆ. ಇಂಥ ಕಡೆ ತೋಳಿಲ್ಲದ ಅಂಗಿ ಹಾಕಿಕೊಂಡು ತಿರುಗುವುದಕ್ಕಿಂತ ತೆಳುವಾದ, ಸಡಿಲವಾದ ಪೂರ್ತಿ ತೋಳಿನ ಅಂಗಿ ವಾಸಿ. ಕೇಳಿದರೆ ವಿಚಿತ್ರ ಅನ್ನಿಸಬಹುದು. ಮರುಭೂಮಿಯ ಜನ ಮೈತುಂಬ ಬಟ್ಟೆ ಹಾಕಿಕೊಳ್ಳುವುದನ್ನು ನೆನೆಸಿಕೊಳ್ಳಿ, ಅರ್ಥವಾಗುತ್ತದೆ.

ತೇವ ತುಂಬಿದ ಹವೆಯಲ್ಲಿ ಕತೆ ಬೇರೆ. ಗಾಳಿಯಲ್ಲೇ ಸಾಕಷ್ಟು ನೀರಿದೆ, ಬೆವರು ಎಲ್ಲಿಗೆ ಹೋಗಬೇಕು? ಅಂಗಿ ಬೆನ್ನಿಗೆ ಅಂಟುತ್ತದೆ, ಅಂಟಿದ ಕಡೆ ಗಾಳಿ ಸುಳಿಯುವುದಿಲ್ಲ, ಮತ್ತಷ್ಟು ಬೆವರು. ಇಲ್ಲಿ ಮೈಗೆ ಅಂಟದ ಬಟ್ಟೆ, ಬಿಡಿ ನೇಯ್ಗೆ, ಗಿಡ್ಡ ತೋಳು, ಅಗಲ ಕತ್ತು ಬೇಕು.

ಇಡೀ ದಿನ ಏಸಿಯಲ್ಲಿ ಕೂರುವವರಿಗೆ ಇವೆರಡೂ ಅಷ್ಟಾಗಿ ಲೆಕ್ಕಕ್ಕಿಲ್ಲ. ಅವರು ಹೋಗಿ ಬರುವ ದಾರಿಯನ್ನು ನೆನೆದು ಬಟ್ಟೆ ಆರಿಸಿ, ಒಳಗಿನ ಚಳಿಗೆ ಒಂದು ತೆಳು ಮೇಲಂಗಿ ಇಟ್ಟುಕೊಂಡರೆ ಸಾಕು.

ಮೊದಲ ಹೆಜ್ಜೆ: ನೇಯ್ಗೆಯನ್ನು ಕೈಯಲ್ಲಿ, ಬಾಯಲ್ಲಿ, ಬೆಳಕಲ್ಲಿ ನೋಡಿ

ಚೀಟಿ ಓದುವ ಮೊದಲು ಬಟ್ಟೆಯ ಒಂದೇ ಪದರವನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಅಡ್ಡ ಇಡಿ. ಹಾಸು (ಉದ್ದದ) ಹೊಕ್ಕಿನ (ಅಡ್ಡದ) ಎಳೆಗಳ ಮಧ್ಯೆ ಸೂಜಿಮೊನೆಯಷ್ಟು ಕಿಂಡಿಗಳು ಕಾಣಬೇಕು. ಎಲ್ಲ ಕಡೆ ಒಂದೇ ಸಮ ಕಂಡರೆ ನೇಯ್ಗೆ ಚೆನ್ನಾಗಿದೆ. ಒಂದು ಕಡೆ ಒತ್ತೊತ್ತು, ಇನ್ನೊಂದು ಕಡೆ ಬಿಡಿ ಬಿಡಿ ಕಂಡರೆ ತೊಳೆದ ಮೇಲೆ ಆ ಬಟ್ಟೆ ಸೊಟ್ಟಗಾಗುವ ಸಾಧ್ಯತೆ ಜಾಸ್ತಿ.

ಆಮೇಲೆ ಅದೇ ಪದರವನ್ನು ತುಟಿಯ ಹತ್ತಿರ ಬಿಗಿಯಾಗಿ ಹಿಡಿದು, ಆಚೆ ಬದಿಯಲ್ಲಿ ಅಂಗೈ ಇಟ್ಟು ಊದಿ. ಅಂಗೈಗೆ ಉಸಿರು ಸಲೀಸಾಗಿ ತಟ್ಟಿದರೆ ಬೇಸಿಗೆಗೆ ಆಗುವ ಬಟ್ಟೆ. ಕೆನ್ನೆ ಉಬ್ಬಿಸಿ ಊದಿದರೂ ಕೈಗೆ ಏನೂ ತಟ್ಟದಿದ್ದರೆ ಅದು ನೂರಕ್ಕೆ ನೂರು ಕಾಟನ್ ಆಗಿದ್ದರೂ ಅಲ್ಲೇ ಬಿಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ಈ ಒಂದು ಪರೀಕ್ಷೆ ಹತ್ತು ಚೀಟಿ ಓದುವುದಕ್ಕೆ ಸಮ. ತುಟಿಗೆ ತಾಗಿಸುವುದು ಬೇಡ ಅನ್ನಿಸಿದರೆ ಮಧ್ಯೆ ಎರಡು ಬೆರಳಿನ ಅಂತರ ಇಟ್ಟರೂ ನಡೆಯುತ್ತದೆ.

ಮೂರನೆಯದು, ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ಸೆಕೆಂಡ್ ಒತ್ತಿ ಬಿಡಿ. ಲಿನನ್ ಆದರೆ ಚೂಪಾದ ಗೆರೆಗಳು ಉಳಿಯುತ್ತವೆ. ಕಾಟನ್ನಿನಲ್ಲಿ ಸ್ವಲ್ಪ ಮೃದುವಾದ ಸುಕ್ಕು. ಏನೂ ಆಗದ ಹಾಗೆ ಸುಮ್ನೆ ಬಿಚ್ಚಿಕೊಂಡರೆ ಅದರಲ್ಲಿ ಪಾಲಿಯೆಸ್ಟರ್ ಇದೆ, ಅಥವಾ ಸುಕ್ಕು ಬೀಳದಂತೆ ರಾಸಾಯನಿಕ ಲೇಪ ಕೊಟ್ಟಿದ್ದಾರೆ ಅನ್ನುವ ಅನುಮಾನ ಇಟ್ಟುಕೊಳ್ಳಿ.

ಇನ್ನು ತೂಕ. ಬಟ್ಟೆಯ ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಇದೆ ಅನ್ನುವ ಲೆಕ್ಕ. ಮಲ್‌ಮಲ್, ವಾಯಿಲ್‌ನಂಥ ತೀರ ತೆಳು ಬಟ್ಟೆ 60ರಿಂದ 80ರ ಆಸುಪಾಸು. ತೆಳುವಾದ ಶರ್ಟಿನ ಬಟ್ಟೆ 100ರಿಂದ 130. ಟೀ ಶರ್ಟ್ 140ರಿಂದ 180. ದಪ್ಪ ಜೀನ್ಸ್ 400 ಮುಟ್ಟುತ್ತದೆ. ಬೇಸಿಗೆಗೆ ಶರ್ಟ್ 130ರ ಒಳಗೆ, ಟೀ ಶರ್ಟ್ 160ರ ಒಳಗೆ, ಪ್ಯಾಂಟ್ 200ರ ಒಳಗೆ ಇದ್ದರೆ ಹಗುರ. ಆನ್‌ಲೈನಿನಲ್ಲಿ ಕೊಳ್ಳುವಾಗ ಊದಿ ನೋಡಲು ಆಗುವುದಿಲ್ಲವಲ್ಲ, ಅಲ್ಲಿ ಈ ಸಂಖ್ಯೆಯೇ ನಿಮ್ಮ ಆಸರೆ. ಜಿಎಸ್‌ಎಂ ಬರೆಯದ ಕಡೆ ಮಾರುವವರನ್ನು ಕೇಳಿ. ಉತ್ತರ ಬರದಿದ್ದರೆ, ಕೊಂಡವರು ಹಾಕಿದ ಫೋಟೋ ನೋಡಿ. ಕಂಪನಿಯ ಫೋಟೋದಲ್ಲಿ ಎಲ್ಲ ಬಟ್ಟೆಯೂ ಗಾಳಿಗೆ ಹಾರಾಡುತ್ತಿರುತ್ತದೆ.

ಗಜದ ಲೆಕ್ಕದಲ್ಲಿ ಕೊಳ್ಳುವವರು ಕೌಂಟ್ ಅನ್ನುವ ಮಾತನ್ನೂ ಕೇಳಿರುತ್ತೀರಿ. ಹತ್ತಿ ನೂಲಿನ ಕೌಂಟ್ ಹೆಚ್ಚಿದಷ್ಟೂ ಎಳೆ ಸಣ್ಣ. 20 ಕೌಂಟಿನ ನೂಲು ದಪ್ಪ, 80 ಕೌಂಟಿನದು ನವಿರು. ಆದರೆ ಸಣ್ಣ ಎಳೆಯನ್ನು ತೀರ ಒತ್ತೊತ್ತಾಗಿ ನೇಯ್ದರೆ ಮತ್ತೆ ಗಾಳಿ ಆಡುವುದಿಲ್ಲ. ಹೆಚ್ಚು ಕೌಂಟ್ ಅಂತ ಹೆಚ್ಚು ದುಡ್ಡು ಕೊಡುವ ಮೊದಲು ಊದಿ ನೋಡುವುದನ್ನು ಬಿಡಬೇಡಿ.

ನೇಯ್ಗೆಗಳಲ್ಲಿ ಒಂದಷ್ಟು ಹೆಸರು ಗುರುತಿಟ್ಟುಕೊಂಡರೆ ಅನುಕೂಲ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಹೋಗುವ ಸಾದಾ ನೇಯ್ಗೆ ಬೇಸಿಗೆಗೆ ಒಳ್ಳೆಯದು. ಮಲ್‌ಮಲ್, ವಾಯಿಲ್, ಕೇಂಬ್ರಿಕ್, ಶಾಂಬ್ರೆ, ಪಾಪ್ಲಿನ್ ಎಲ್ಲವೂ ಇದೇ ಜಾತಿ. ಇವುಗಳಲ್ಲಿ ಪಾಪ್ಲಿನ್ ಸ್ವಲ್ಪ ಒತ್ತು. ಬಟ್ಟೆಯ ಮೇಲೆ ಓರೆ ಗೆರೆ ಕಂಡರೆ ಅದು ಟ್ವಿಲ್. ಜೀನ್ಸ್, ಚಿನೋಸ್ ಪ್ಯಾಂಟ್ ಇದರಲ್ಲೇ ಆಗುವುದು. ಟ್ವಿಲ್ ಗಟ್ಟಿ, ಬಾಳಿಕೆ ಚೆನ್ನ, ಆದರೆ ಎಳೆಗಳು ಒತ್ತಾಗಿ ಕೂತು ಸಾಮಾನ್ಯವಾಗಿ ತೂಕ ಜಾಸ್ತಿ. ಹೊಳಪಿನ ಸ್ಯಾಟಿನ್ ನೇಯ್ಗೆ ಮೈಗೆ ನುಣುಪು, ಮುಟ್ಟಿದ ಕ್ಷಣ ತಣ್ಣಗೆ ಅನ್ನಿಸುತ್ತದೆ. ಬೆವರಿದ ಮೇಲೆ ಅದೇ ನುಣುಪು ಮೈಗೆ ಮೆತ್ತಿಕೊಳ್ಳುತ್ತದೆ.

ನನಗೆ ಬಹಳ ಇಷ್ಟವಾದದ್ದು ಸಿಯರ್‌ಸಕ್ಕರ್. ಇದರಲ್ಲಿ ಹಾಸಿನ ಎಳೆಗಳನ್ನು ಒಂದು ಪಟ್ಟೆ ಬಿಗಿ, ಒಂದು ಪಟ್ಟೆ ಸಡಿಲ ಬಿಟ್ಟು ನೇಯುತ್ತಾರೆ. ಸಡಿಲ ಬಿಟ್ಟ ಪಟ್ಟೆ ಸುರುಟಿಕೊಂಡು ಉಬ್ಬುತ್ತದೆ, ಬಿಗಿ ಪಟ್ಟೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಹಾಕಿಕೊಂಡಾಗ ಮೈಗೆ ತಾಗುವುದು ಬರೀ ಆ ಉಬ್ಬುಗಳು. ಅವುಗಳ ನಡುವಿನ ಓಣಿಯಲ್ಲಿ ಗಾಳಿ ಓಡಾಡುತ್ತದೆ. ಇಸ್ತ್ರಿಯ ಗೊಡವೆಯೂ ಇಲ್ಲ, ಯಾಕೆಂದರೆ ಸುಕ್ಕೇ ಅದರ ಅಂದ. ಕೊಳ್ಳುವಾಗ ಒಂದು ಎಚ್ಚರ: ಕೆಲವು ಕಡೆ ರಾಸಾಯನಿಕದಿಂದಲೋ ಶಾಖದಿಂದಲೋ ಸುಕ್ಕು ಬರಿಸಿದ ಬಟ್ಟೆಯನ್ನೂ ಇದೇ ಹೆಸರಲ್ಲಿ ಮಾರುತ್ತಾರೆ. ಪಟ್ಟೆಯ ಉದ್ದಕ್ಕೂ ಹಾಸಿನ ಎಳೆಗಳೇ ಸಡಿಲವಾಗಿ ಕಂಡರೆ ಅಸಲಿ.

ಎರಡನೆಯ ಹೆಜ್ಜೆ: ನೂಲು ಯಾವುದು?

ನೇಯ್ಗೆ ಪಾಸಾದ ಮೇಲೆ ಒಳಗಿನ ಚೀಟಿ ಓದಿ. ಸಾಮಾನ್ಯವಾಗಿ ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದೆ. ಮುಂದೆ ನೇತಾಡುವ ಬಣ್ಣದ ಚೀಟಿಯನ್ನು ನಂಬಬೇಡಿ, ಪಕ್ಕದ ಹೊಲಿಗೆಯೊಳಗೆ ಇರುವ ಸಣ್ಣ ಬಿಳಿ ಪಟ್ಟಿಯನ್ನು ನೋಡಿ. 'ಕಾಟನ್ ರಿಚ್', 'ಕಾಟನ್ ಫೀಲ್', 'ಕಾಟನ್ ಬ್ಲೆಂಡ್' ಅನ್ನುವ ಮಾತುಗಳೆಲ್ಲ ಇನ್ನೇನೋ ಸೇರಿದೆ ಅನ್ನುವುದರ ಸುಳಿವು.

ಕಾಟನ್ ತೇವ ಹೀರುತ್ತದೆ, ಮೈಗೆ ಚುಚ್ಚುವುದಿಲ್ಲ, ತೊಳೆಯಲು ಸುಲಭ. ಎಲ್ಲರಿಗೂ ಗೊತ್ತಿರುವ ವಿಷಯ. ಹೆಚ್ಚು ಜನ ಹೇಳದ ವಿಷಯ ಅಂದರೆ ಅದು ಹೀರಿದ್ದನ್ನು ಬೇಗ ಬಿಟ್ಟುಕೊಡುವುದಿಲ್ಲ. ದಿನವಿಡೀ ಸಣ್ಣಗೆ ಬೆವರುವವರಿಗೆ ಕಾಟನ್ ಸರಿ. ಓಡಿ ಬಂದು ಪೂರ್ತಿ ತೊಯ್ದುಹೋದರೆ ಅದು ಒದ್ದೆಯಾಗಿ, ಭಾರವಾಗಿ ಜೋತು ಬೀಳುತ್ತದೆ.

ಲಿನನ್ ಅಗಸೆ ಗಿಡದ ಕಾಂಡದ ನಾರಿನಿಂದ ಆಗುವ ಬಟ್ಟೆ. ಬೇಸಿಗೆಗೆ ನನ್ನ ಮೊದಲ ಆಯ್ಕೆ ಇದೇ. ಅದರ ನಾರು ಬಿರುಸು. ಬಟ್ಟೆ ಮೈಮೇಲೆ ಮೆತ್ತಿಕೊಳ್ಳದೆ ಸ್ವಲ್ಪ ದೂರ ನಿಲ್ಲುತ್ತದೆ, ಆ ಸಂದಿಯಲ್ಲಿ ಗಾಳಿ ಆಡುತ್ತದೆ. ತೇವ ಬೇಗ ಹೀರಿ ಬೇಗ ಬಿಡುತ್ತದೆ. ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಎಷ್ಟು ಸಲ ತೊಳೆದರೂ ಹೆದರಬೇಕಿಲ್ಲ. ತೊಳೆದಷ್ಟೂ ಮೃದುವಾಗುತ್ತದೆ ಕೂಡ. ಒಂದೇ ಕಿರಿಕಿರಿ ಸುಕ್ಕು. ನಾರಿಗೆ ಹಿಗ್ಗುವ ಗುಣ ಕಡಿಮೆ, ಮಡಿಚಿದಲ್ಲಿ ಗೆರೆ ಬಿದ್ದೇ ಬೀಳುತ್ತದೆ. ಬೆಳಗ್ಗೆ ಇಸ್ತ್ರಿ ಮಾಡಿ ಹಾಕಿಕೊಂಡ ಲಿನನ್ ಪ್ಯಾಂಟ್ ಒಂದು ಸಲ ಕೂತೆದ್ದರೆ ಮೊಣಕಾಲಿನ ಹಿಂದೆ ಮುದುಡಿರುತ್ತದೆ. ಇದನ್ನು ಒಪ್ಪಿಕೊಳ್ಳಲು ಆಗದಿದ್ದರೆ ಕಾಟನ್ ಮತ್ತು ಲಿನನ್ ಬೆರೆತ ಬಟ್ಟೆ ನೋಡಿ. ಸುಕ್ಕು ಕಡಿಮೆ, ಗಾಳಿ ಹೆಚ್ಚುಕಡಿಮೆ ಅಷ್ಟೇ.

ರೇಯಾನ್ ಅಥವಾ ವಿಸ್ಕೋಸ್ ಮರದ ತಿರುಳಿನಿಂದ ತಯಾರಾಗುತ್ತದೆ. ಮೂಲ ಗಿಡದ್ದೇ, ಕಾರ್ಖಾನೆಯಲ್ಲಿ ಕರಗಿಸಿ ನೂಲು ಎಳೆದದ್ದು. ಮೋಡಾಲ್, ಲಯೋಸೆಲ್ ಇದೇ ಬಳಗ. 'ಬಿದಿರಿನ ಬಟ್ಟೆ' ಅಂತ ಮಾರುವುದರಲ್ಲಿ ಬಹುಪಾಲು ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸೇ. ಆ ಹೆಸರಿಗೆ ಜಾಸ್ತಿ ದುಡ್ಡು ಕೊಡುವ ಮೊದಲು ಯೋಚಿಸಿ. ಇವೆಲ್ಲ ಮೈಗೆ ತಣ್ಣಗೆ ಅನ್ನಿಸುತ್ತವೆ, ಚೆನ್ನಾಗಿ ಜೋತು ಬಿದ್ದು ನಿರಿಗೆ ಸೊಗಸಾಗಿ ನಿಲ್ಲುತ್ತದೆ. 65 ಪ್ರತಿಶತ ತೇವಾಂಶದ ಗಾಳಿಯಲ್ಲಿ 100 ಗ್ರಾಂ ಒಣ ವಿಸ್ಕೋಸ್ 11ರಿಂದ 13 ಗ್ರಾಂ ನೀರನ್ನು ತಾನಾಗಿ ಎಳೆದುಕೊಳ್ಳುತ್ತದೆ. ಅಷ್ಟೇ ಹತ್ತಿ ಎಳೆದುಕೊಳ್ಳುವುದು 7ರಿಂದ 8 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಆದರೆ ಮಾಮೂಲಿ ವಿಸ್ಕೋಸ್ ಒದ್ದೆಯಾದಾಗ ತನ್ನ ಗಟ್ಟಿತನದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಜೋರಾಗಿ ಹಿಂಡಿದರೆ ಹೊಲಿಗೆಯ ಹತ್ತಿರ ಹಿಂಜಿಹೋಗುತ್ತದೆ. ಲಯೋಸೆಲ್ ಈ ವಿಷಯದಲ್ಲಿ ಎಷ್ಟೋ ವಾಸಿ.

ರೇಷ್ಮೆಯೂ ತೇವ ಹೀರುತ್ತದೆ, ತೆಳುವಾದದ್ದು ಹಗುರವೇ. ಆದರೆ ಬೆವರಿನ ಉಪ್ಪು ರೇಷ್ಮೆಗೆ ಆಗಿಬರುವುದಿಲ್ಲ. ಕಂಕುಳ ಹತ್ತಿರ ಕಲೆ ಬೀಳುತ್ತದೆ, ಎಳೆ ಸೋಲುತ್ತದೆ. ಬೇಸಿಗೆಯ ಸಂಜೆ ಸಮಾರಂಭಕ್ಕೆ ಒಂದೆರಡು ಗಂಟೆ ಸರಿ, ದಿನದ ಓಡಾಟಕ್ಕೆ ಬೇಡ.

ಪಾಲಿಯೆಸ್ಟರ್ ಬಗ್ಗೆ ಎರಡು ಮಾತು. ಅದನ್ನು ಪೂರ್ತಿ ಬೈಯುವುದು ರೂಢಿಯಾಗಿಬಿಟ್ಟಿದೆ. ಒತ್ತಾಗಿ ನೇಯ್ದ ಮಾಮೂಲಿ ಪಾಲಿಯೆಸ್ಟರ್ ಶರ್ಟ್ ಬೇಸಿಗೆಗೆ ಖಂಡಿತ ಬೇಡ. ಬೆವರನ್ನು ಹೀರುವುದಿಲ್ಲ, ಎಣ್ಣೆ ಜಿಡ್ಡನ್ನು ಮಾತ್ರ ಹಿಡಿದುಕೊಳ್ಳುತ್ತದೆ, ವಾಸನೆ ಬೇಗ ಹೋಗುವುದಿಲ್ಲ. ಆದರೆ ಆಟಕ್ಕೆ, ಓಟಕ್ಕೆ ಅಂತಲೇ ಮಾಡಿದ ತೂತು ತೂತಾದ ತೆಳು ಜರ್ಸಿ ಬೇರೆಯೇ ಸಂಗತಿ. ಎಳೆಗಳ ಸಂದಿಯಲ್ಲಿ ಬೆವರು ಹರಡಿಕೊಂಡು ಹೊರಮೈಗೆ ಬಂದು ಬೇಗ ಆರುತ್ತದೆ. ನೂಲು ನೀರು ಕುಡಿಯದ ಕಾರಣ ಬಟ್ಟೆ ಭಾರವೂ ಆಗುವುದಿಲ್ಲ. ವ್ಯಾಯಾಮದ ಒಂದು ಗಂಟೆಗೆ ಕಾಟನ್‌ಗಿಂತ ಅದೇ ಒಳ್ಳೆಯದು. ಮುಗಿದ ಕೂಡಲೇ ಬಿಚ್ಚಿ ತೊಳೆಯಬೇಕು, ಅಷ್ಟೇ.

ಬೆರಕೆ ಬಟ್ಟೆಗೆ ನನ್ನ ಲೆಕ್ಕ ಹೀಗಿದೆ. ಪ್ಯಾಂಟಿನಲ್ಲಿ ಎರಡು ಮೂರು ಪ್ರತಿಶತ ಲೈಕ್ರಾ, ಅಂದರೆ ಹಿಗ್ಗುವ ನೂಲು, ಇದ್ದರೆ ಏನೂ ತೊಂದರೆಯಿಲ್ಲ, ಕೂತು ಏಳಲು ಸಲೀಸು. ಶರ್ಟಿನಲ್ಲಿ ಪಾಲಿಯೆಸ್ಟರ್ ಕಾಲು ಭಾಗಕ್ಕಿಂತ ಕಡಿಮೆ ಇದ್ದು ಊದುವ ಪರೀಕ್ಷೆ ಪಾಸಾದರೆ ಕೊಳ್ಳಬಹುದು. ಅರ್ಧಕ್ಕಿಂತ ಹೆಚ್ಚಿದ್ದರೆ ಚಳಿಗಾಲಕ್ಕೆ ಎತ್ತಿಡಿ.

ಚೀಟಿಯೇ ಇಲ್ಲದ ತುಂಡು ಬಟ್ಟೆಯಾದರೆ ಅಂಚಿನ ಎರಡು ಎಳೆ ಕಿತ್ತು ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಉರಿಗೆ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉದುರಿದರೆ ಹತ್ತಿ, ಲಿನನ್ ಅಥವಾ ವಿಸ್ಕೋಸ್. ಕರಗಿ, ತುದಿಯಲ್ಲಿ ಗಟ್ಟಿ ಮಣಿಯಂತೆ ಉಳಿದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿದ ಮಣಿಯನ್ನು ಮುಟ್ಟಬೇಡಿ, ಚರ್ಮಕ್ಕೆ ಅಂಟಿ ಸುಡುತ್ತದೆ. ಮಕ್ಕಳ ಕೈಗೆ ಈ ಕೆಲಸ ಬೇಡವೇ ಬೇಡ.

ಮೂರನೆಯ ಹೆಜ್ಜೆ: ಬಟ್ಟೆಯನ್ನು ಒಳಗೂ ಹೊರಗೂ ಮಾಡಿ ನೋಡಿ

ಒಳ್ಳೆಯ ಬಟ್ಟೆಯನ್ನು ಕೆಟ್ಟ ಹೊಲಿಗೆ ಹಾಳು ಮಾಡುತ್ತದೆ. ಸಿದ್ಧ ಉಡುಪನ್ನು ಉಲ್ಟಾ ಮಾಡಿ ನೋಡುವುದು ರೂಢಿಯಾಗಲಿ.

ಮೊದಲು ಲೈನಿಂಗ್. ತೆಳು ಬಟ್ಟೆಯ ಫ್ರಾಕ್, ಸ್ಕರ್ಟ್‌ಗಳಿಗೆ ಮೈ ಕಾಣದಿರಲಿ ಅಂತ ಒಳಗೊಂದು ಪದರ ಹಾಕಿರುತ್ತಾರೆ. ಅಗ್ಗವಾಗಲಿ ಅಂತ ಅದು ಬಹಳ ಸಲ ಪಾಲಿಯೆಸ್ಟರ್ ಆಗಿರುತ್ತದೆ. ಆಗ ಮೈಗೆ ತಾಗುವುದು ಪಾಲಿಯೆಸ್ಟರ್, ನೀವು ದುಡ್ಡು ಕೊಟ್ಟದ್ದು ಕಾಟನ್‌ಗೆ. ಚೀಟಿಯಲ್ಲಿ ಲೈನಿಂಗ್ ಯಾವುದು ಅಂತ ಬೇರೆ ಸಾಲಿನಲ್ಲಿ ಬರೆದಿರುತ್ತದೆ, ಹುಡುಕಿ. ಹೊಲಿಸುವುದಾದರೆ ಟೈಲರ್‌ಗೆ ತೆಳು ಕಾಟನ್ ವಾಯಿಲ್ ಲೈನಿಂಗ್ ಹಾಕಲು ಹೇಳಿ. ಎಷ್ಟೋ ಉಡುಪಿಗೆ ಪೂರ್ತಿ ಲೈನಿಂಗ್ ಬೇಕಾಗುವುದೂ ಇಲ್ಲ, ಎದೆಯ ಭಾಗಕ್ಕೆ ಮತ್ತು ಮೊಣಕಾಲಿನವರೆಗೆ ಸಾಕು.

ಶರ್ಟಿನಲ್ಲಿ ಕಾಲರ್ ಹಿಡಿದು ನೋಡಿ. ಒಳಗೆ ದಪ್ಪ ಬಕ್ರಂ (ಕಾಲರ್ ನೆಟ್ಟಗೆ ನಿಲ್ಲಲು ಹಾಕುವ ಬಿರುಸು ಪದರ) ಇದ್ದರೆ ಕತ್ತಿನ ಸುತ್ತ ಬೆವರು ನಿಲ್ಲುವುದು ಅಲ್ಲೇ. ಮೆತ್ತನೆ ಕಾಲರ್, ಇಲ್ಲವೇ ಮಡಚುವ ಭಾಗವೇ ಇಲ್ಲದ ಪಟ್ಟಿ ಕಾಲರ್ ಬೇಸಿಗೆಗೆ ಹಿತ. ಎದೆಯ ಮೇಲೆ ಎರಡು ಜೇಬು, ಭುಜದ ಮೇಲೆ ಪಟ್ಟಿ, ದಪ್ಪ ಕಸೂತಿ, ಎದೆತುಂಬ ರಬ್ಬರ್ ಪ್ರಿಂಟ್ ಇವೆಲ್ಲ ಗಾಳಿಗೆ ಗೋಡೆ. ರಬ್ಬರ್ ಪ್ರಿಂಟಿನ ಟೀ ಶರ್ಟ್ ಹಾಕಿದವರು ಆ ಚಿತ್ರದ ಹಿಂದೆ ಕೈ ಇಟ್ಟು ನೋಡಿ, ಬೆವರು ಅಲ್ಲೇ ಕೂತಿರುತ್ತದೆ.

ಅಳತೆಯ ವಿಷಯಕ್ಕೆ ಬಂದರೆ ಎದೆ, ಸೊಂಟದ ಹತ್ತಿರ ಬಟ್ಟೆಯನ್ನು ಚಿವುಟಿ ಹಿಡಿದರೆ ಎರಡೂ ಕಡೆ ಎರಡೆರಡು ಇಂಚು ಸಿಗಬೇಕು. ಕಂಕುಳ ಭಾಗ ಬಿಗಿಯಾಗಿ ಕತ್ತರಿಸಿದ್ದರೆ ಉಳಿದ ಕಡೆ ಎಷ್ಟು ಸಡಿಲ ಇದ್ದರೂ ಪ್ರಯೋಜನವಿಲ್ಲ. ಟೈಲರ್ ಹತ್ತಿರ ಆರ್ಮ್‌ಹೋಲ್ ಅರ್ಧ ಇಂಚು ಇಳಿಸಲು ಹೇಳಿ. ಕತ್ತು ತೆರೆದಿದ್ದು ಕೆಳಗಿನ ಅಂಚೂ ಸಡಿಲ ಇದ್ದರೆ ಮೈಯ ಬಿಸಿಗಾಳಿ ಮೇಲಿನಿಂದ ಹೊರಗೆ ಹೋಗಿ, ಕೆಳಗಿನಿಂದ ಹೊಸ ಗಾಳಿ ಒಳಗೆ ಬರುತ್ತದೆ. ಅಂಗಿಯ ತುದಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ಬೆಲ್ಟ್ ಬಿಗಿದರೆ ಈ ದಾರಿ ಅಲ್ಲಿಗೇ ಬಂದ್. ಹೊರಗೆ ಬಿಟ್ಟು ಹಾಕುವಂತೆ ನೇರ ಅಂಚಿನ ಅಂಗಿ ಆರಿಸಿ, ನೋಡಲೂ ಅಚ್ಚುಕಟ್ಟು.

ಒಳಉಡುಪನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೈಗೆ ನೇರ ತಾಗುವುದು ಅದು. ಅಲ್ಲಿ ಕಾಟನ್ ಅಥವಾ ಮೋಡಾಲ್ ಇರಲಿ, ಸೊಂಟದ ಎಲಾಸ್ಟಿಕ್ ಗುರುತು ಬೀಳುವಷ್ಟು ಬಿಗಿ ಬೇಡ.

ಕೊನೆಗೆ ಬಣ್ಣ

ತಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಗಾಢ ಬಣ್ಣ ನುಂಗುತ್ತದೆ. ಬಿಸಿಲಲ್ಲಿ ನಿಂತು ಒಂದು ಬಿಳಿ, ಒಂದು ಕಪ್ಪು ಬಟ್ಟೆ ಮುಟ್ಟಿ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಆದರೆ ಇದು ಬಿಸಿಲಿನ ಮಾತು. ನೆರಳಲ್ಲಿ, ಆಫೀಸಿನೊಳಗೆ, ರಾತ್ರಿ ಹೊತ್ತು ಕಪ್ಪಾದರೇನು ಬಿಳಿಯಾದರೇನು, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಳಗೇ ಇರುವ ದಿನಕ್ಕೆ ನಿಮ್ಮಿಷ್ಟದ ಕಡು ನೀಲಿಯನ್ನು ಬೇಸಿಗೆ ಅನ್ನುವ ಒಂದೇ ಕಾರಣಕ್ಕೆ ಬಿಡಬೇಕಿಲ್ಲ.

ಬಿಸಿಲಲ್ಲೂ ಲೆಕ್ಕ ನಾವು ಅಂದುಕೊಂಡಷ್ಟು ನೇರ ಇಲ್ಲ. ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಅಂತ ಒಂದಷ್ಟು ವಿಜ್ಞಾನಿಗಳು ಪರೀಕ್ಷೆ ಮಾಡಿ, 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕಪ್ಪು ನಿಲುವಂಗಿ ಬಿಳಿಯದಕ್ಕಿಂತ ಹೆಚ್ಚು ಶಾಖ ನುಂಗಿದ್ದು ನಿಜ. ಆದರೆ ಚರ್ಮದವರೆಗೆ ಬಂದ ಶಾಖ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಿಲುವಂಗಿ ಅಷ್ಟು ಸಡಿಲ ಇದ್ದುದರಿಂದ ಬಟ್ಟೆ ನುಂಗಿದ ಹೆಚ್ಚಿನ ಬಿಸಿ ಮೈಗೆ ತಲುಪುವ ಮೊದಲೇ ಗಾಳಿಗೆ ಹೋಗಿತ್ತು. ಬಣ್ಣವನ್ನು ಕೊನೆಗೆ ಇಟ್ಟಿರುವುದು ಇದಕ್ಕೇ. ಹಾಗಂತ ಮೈಗಂಟುವ ಕಪ್ಪು ಟೀ ಶರ್ಟ್ ಹಾಕಿಕೊಂಡು ಮಧ್ಯಾಹ್ನ ಹೊರಡಬೇಡಿ. ಅಲ್ಲಿ ಬಟ್ಟೆಗೂ ಮೈಗೂ ನಡುವೆ ಗಾಳಿಯೇ ಇಲ್ಲ, ನುಂಗಿದ ಬಿಸಿ ನೇರ ಚರ್ಮಕ್ಕೆ.

ಇನ್ನೊಂದು ತೊಡಕಿದೆ. ಮೈಗೆ ತಂಪಾದ ಬಟ್ಟೆ ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ ಅನ್ನುವಂತಿಲ್ಲ. ಬಟ್ಟೆ ಎಷ್ಟು ನೇರಳಾತೀತ ಕಿರಣ ತಡೆಯುತ್ತದೆ ಅನ್ನುವುದಕ್ಕೆ ಯುಪಿಎಫ್ ಅನ್ನುವ ಅಳತೆ ಇದೆ. ಯುಪಿಎಫ್ 50 ಅಂದರೆ ಐವತ್ತರಲ್ಲಿ ಒಂದು ಭಾಗ ಮಾತ್ರ ಒಳಗೆ ಬರುತ್ತದೆ. ತೆಳುವಾದ ಬಿಳಿ ಕಾಟನ್ ಟೀ ಶರ್ಟಿನದು 7ರ ಆಸುಪಾಸು, ಒದ್ದೆಯಾದರೆ ಇನ್ನೂ ಕಡಿಮೆ. ಅದೇ ಬಟ್ಟೆ ಗಾಢ ಬಣ್ಣದ್ದಾದರೆ ಹೆಚ್ಚು ತಡೆಯುತ್ತದೆ. ಗಂಟೆಗಟ್ಟಲೆ ಹೊರಗೆ ಕೆಲಸ ಮಾಡುವವರು, ಬೇಗ ಚರ್ಮ ಕೆಂಪಾಗುವವರು ಇದನ್ನು ನೆನಪಿಡಿ. ಅವರಿಗೆ ತೀರ ಪಾರದರ್ಶಕ ಬಿಳಿಗಿಂತ ಮಧ್ಯಮ ಬಣ್ಣದ, ಸ್ವಲ್ಪ ಒತ್ತು ನೇಯ್ಗೆಯ, ಸಡಿಲ ಪೂರ್ತಿ ತೋಳಿನ ಅಂಗಿ ಒಳ್ಳೆಯದು. ಮಣ್ಣಿನ ಬಣ್ಣ, ಕಡಲ ನೀಲಿ, ಪಾಚಿ ಹಸಿರು ಇಂಥವು. ಬ್ಲೀಚ್ ಮಾಡದ ಕಚ್ಚಾ ಹತ್ತಿಯ ಕೆನೆಬಣ್ಣ ಕೂಡ ಅಚ್ಚ ಬಿಳಿಗಿಂತ ಹೆಚ್ಚು ಕಿರಣ ತಡೆಯುತ್ತದೆ.

ಬೆವರಿನ ಗುರುತಿನ ಬಗ್ಗೆ ಯೋಚನೆ ಇದ್ದರೆ ಬೂದು ಬಣ್ಣದ ಟೀ ಶರ್ಟನ್ನು ದೂರ ಇಡಿ. ಒದ್ದೆಯಾದ ಕೂಡಲೇ ಅದು ಎರಡು ಬಣ್ಣವಾಗುತ್ತದೆ. ತಿಳಿ ನೀಲಿ ಶರ್ಟ್ ಕೂಡ ಹಾಗೇ, ನೋಡಲು ಎಷ್ಟು ತಂಪು ಅನ್ನಿಸಿದರೂ ಕಂಕುಳಲ್ಲಿ ನಕ್ಷೆ ಬರೆದಿಡುತ್ತದೆ. ಬಿಳಿ, ಕಡು ನೀಲಿ, ಒತ್ತೊತ್ತಾದ ಸಣ್ಣ ಹೂವಿನ ಪ್ರಿಂಟ್, ಸಣ್ಣ ಚೌಕಳಿ ಇವು ಗುರುತು ಮುಚ್ಚುತ್ತವೆ. ಭಾಷಣ ಮಾಡಬೇಕಾದ ದಿನ, ಸಂದರ್ಶನದ ದಿನ ಇದು ಉಪಯೋಗಕ್ಕೆ ಬರುತ್ತದೆ.

ಬಿಳಿ ಬಟ್ಟೆಯೊಳಗೆ ಬಿಳಿ ಒಳಉಡುಪು ಹಾಕಿದರೆ ಎದ್ದು ಕಾಣುತ್ತದೆ. ಚರ್ಮದ ಬಣ್ಣಕ್ಕೆ ಹತ್ತಿರದ್ದು ಹಾಕಿ. ಮತ್ತೆ, ಅಂಗಡಿಯ ದೀಪದಡಿ ತಿಳಿ ಬಣ್ಣದ ಬಟ್ಟೆಯ ಪಾರದರ್ಶಕತೆ ಗೊತ್ತಾಗುವುದಿಲ್ಲ. ಬಾಗಿಲ ಹತ್ತಿರ ಹಗಲು ಬೆಳಕಿಗೆ ತಂದು, ಒಳಗೆ ಕೈ ಹಾಕಿ ಬೆರಳು ಎಣಿಸಲು ಆಗುತ್ತದಾ ನೋಡಿ.

ತಂದ ಮೇಲೆ ಮಾಡಬೇಕಾದ್ದು

ಹೊಸ ಬಟ್ಟೆಯನ್ನು ಒಂದು ಸಲ ತೊಳೆದು ಹಾಕಿ. ಗಿರಣಿಯಿಂದ ಬರುವಾಗ ಅದಕ್ಕೆ ಗಂಜಿಯೋ ಇನ್ನೊಂದೋ ಲೇಪ ಇರುತ್ತದೆ. ಆ ಲೇಪ ಇರುವಾಗ ಮೇಲೊಂದು ಹನಿ ನೀರು ಬಿಟ್ಟರೆ ಮುತ್ತಿನ ಹಾಗೆ ನಿಲ್ಲುತ್ತದೆ, ತೊಳೆದ ಮೇಲೆ ತಟ್ಟನೆ ಹರಡಿಕೊಳ್ಳುತ್ತದೆ. ಹೊಲಿಸುವ ಕಾಟನ್, ಲಿನನ್, ರೇಯಾನ್ ಬಟ್ಟೆಯನ್ನು ಟೈಲರ್‌ಗೆ ಕೊಡುವ ಮೊದಲು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿ. ಮೊದಲೇ ಕುಗ್ಗಿಸದ ಕಾಟನ್ ಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಕುಗ್ಗುವುದು ಮಾಮೂಲು, ರೇಯಾನ್ ಇನ್ನೂ ಹೆಚ್ಚು. ಅರ್ಧ ಮೀಟರ್ ಜಾಸ್ತಿ ಕೊಂಡರೆ ನಿಶ್ಚಿಂತೆ.

ಫ್ಯಾಬ್ರಿಕ್ ಸಾಫ್ಟ್‌ನರ್ ಬೇಸಿಗೆ ಬಟ್ಟೆಗೆ ಬೇಡ. ಅದು ಎಳೆಗಳ ಮೇಲೆ ನುಣುಪು ಪದರ ಬಿಡುತ್ತದೆ, ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ. ಜರ್ಸಿಗಂತೂ ಹಾಕಲೇಬಾರದು. ಗಂಜಿಯೂ ಅಷ್ಟೇ, ತೆಳುವಾಗಿ ಹಾಕಿದರೆ ಬಟ್ಟೆ ಮೈಯಿಂದ ದೂರ ನಿಲ್ಲುತ್ತದೆ, ದಪ್ಪ ಹಾಕಿದರೆ ಊದಿ ನೋಡಿ ಆರಿಸಿದ ಕಿಂಡಿಗಳನ್ನು ನೀವೇ ಮುಚ್ಚಿದಂತೆ.

ಕಂಕುಳಲ್ಲಿ ಬೀಳುವ ಹಳದಿ ಕಲೆಗೆ ಬೆವರೊಂದೇ ಕಾರಣ ಅಂದುಕೊಳ್ಳುತ್ತಾರೆ. ಬೆವರು ತಡೆಯುವ ರೋಲ್‌ಆನ್‌ಗಳಲ್ಲಿನ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿದಾಗ ಆ ಹಳದಿ ಬರುತ್ತದೆ. ಹಚ್ಚಿಕೊಂಡು ಪೂರ್ತಿ ಆರಿದ ಮೇಲೆ ಬಟ್ಟೆ ಹಾಕಿ. ಕಲೆ ಬಿದ್ದ ಬಿಳಿ ಬಟ್ಟೆಗೆ ಕ್ಲೋರಿನ್ ಬ್ಲೀಚ್ ಸುರಿಯಬೇಡಿ, ಹಳದಿ ಇನ್ನೂ ಗಾಢವಾಗಬಹುದು. ಬೆವರಿದ ಬಟ್ಟೆಯನ್ನು ಬುಟ್ಟಿಯಲ್ಲಿ ಮುದ್ದೆ ಮಾಡಿ ಹಾಕದೆ, ಆ ದಿನವೇ ತೊಳೆಯಲು ಆಗದಿದ್ದರೆ ಕನಿಷ್ಠ ಗಾಳಿಗೆ ಹರವಿ.

ರೇಯಾನ್ ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಲಿನನ್ ಅರೆಹಸಿ ಇರುವಾಗಲೇ ಇಸ್ತ್ರಿ ಮಾಡಿ, ಪೂರ್ತಿ ಒಣಗಿದ ಮೇಲೆ ಎಷ್ಟು ಉಜ್ಜಿದರೂ ಗೆರೆ ಹೋಗುವುದಿಲ್ಲ. ಬಣ್ಣದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಬಿಳಿಯದನ್ನು ಬಿಸಿಲಿಗೇ ಹಾಕಿ.